ಫುಟ್‌ಬಾಲ್ ಗುರು ರಹೀಂ ಮಾಸ್ತರರು

ಮಕ್ತಲ್, ನಾರಾಯಣಪೇಟೆಗಳ ಕನ್ನಡಿಗರಿಗೂ ಹೈದರಾಬಾದೇ ರಾಜಧಾನಿಯಾಗಿದ್ದ ನಿಜಾಮರ ಕಾಲದಲ್ಲಿ, 1909ರಲ್ಲಿ, ಸೈಯದ್ ಅಬ್ದುಲ್ ರಹೀಂ ಆ ನಗರದಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪದವೀಧರರು. ವೃತ್ತಿಯಿಂದ ಶಾಲಾ ಉಪಾಧ್ಯಾಯರು. (ನಮ್ಮ ಕಸುಬಿನವರೆನ್ನಲು ಹೆಮ್ಮೆ.) 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ವಹಿಸಿಕೊಂಡರು. ಆ ವರ್ಷದಿಂದ 1954ರ ತನಕ ರೋವರ್ಸ್ ಕಪ್ ಸತತವಾಗಿ ಅವರದೇ.

ಭಾರತ ತಂಡಕ್ಕೂ ಅವರೇ ಗುರು. 1951ರಲ್ಲಿ ದೆಹಲಿ ಏಶ್ಯನ್ ಕ್ರೀಡಾಕೂಟದ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಕೋಝಿಕ್ಕೋಡಿನ ರಹ್ಮಾನರೂ ಇದ್ದರು.

1962ರಲ್ಲಿ ಜಕಾರ್ತಕ್ಕೆ ಹೊರಟಾಗ ಮಾಸ್ತರರ ದೇಹಸ್ಥಿತಿ ಕೆಟ್ಟಿತ್ತು. ವಿಶ್ರಾಂತಿ ಬೇಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ, ಅವರು ಹೋದರು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾದೆದುರು 2-0ರ ಸೋಲು. ಬಳಿಕ ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಅವರನ್ನು ಹೊರಗೆ ಕೂರಿಸುವ ಬದಲು ಮಾಸ್ತರರು ಮುನ್ಪಡೆಗೆ ಕಳುಹಿಸಿದರು! ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಎದುರಾದವರು ಅದೇ ಕೊರಿಯನ್ನರು. ಪ್ರೇಕ್ಷಕರೂ ಭಾರತಕ್ಕೆ ವಿರೋಧವಾಗಿದ್ದರು. ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು, 2-1ರ ಗೆಲುವು.

ಕ್ಯಾನ್ಸರ್ ಅವರನ್ನು ಮೈದಾನದಿಂದ ಹಾಸಿಗೆಗೆ ಎಳೆಯಿತು. 1963ರ ಜೂನ್ 11ರಂದು, 53ನೆಯ ವಯಸ್ಸಿನಲ್ಲಿ, ನಿಧನರಾದರು. ಏಶ್ಯನ್ ಕೂಟದ ಫುಟ್‌ಬಾಲ್ ಚಿನ್ನ ಆಮೇಲೆ ಭಾರತಕ್ಕೆ ಬಂದಿಲ್ಲ.