ಬೆಮರ್ಟನ್ನಿನ ಪಾದ್ರಿ

ಜಾರ್ಜ್ ಹರ್ಬರ್ಟನೆಂದರೆ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವವನು 17ನೆಯ ಶತಮಾನದ ಇಂಗ್ಲಿಷ್ ಭಕ್ತಿಕವಿ. ಆದರೆ ಬೆಮರ್ಟನ್ನಿನ ರೈತರಿಗೆ ಅವನು ಕವಿಯಾಗಿರಲಿಲ್ಲ, ತಮ್ಮ ಪಾದ್ರಿಯಾಗಿದ್ದನು.

1593ರಲ್ಲಿ ವೇಲ್ಸಿನ ಮಾಂಟ್‌ಗಮರಿಯ ಪ್ರತಿಷ್ಠಿತ ಮನೆತನದಲ್ಲಿ ಹುಟ್ಟಿದ ಹರ್ಬರ್ಟನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಕಲಿತು, 1620ರಲ್ಲಿ ಆ ವಿಶ್ವವಿದ್ಯಾನಿಲಯದ ಅಧಿಕೃತ ವಾಗ್ಮಿಯಾದನು. ವಿಶ್ವವಿದ್ಯಾನಿಲಯದ ಪರವಾಗಿ ಅರಸನಿಗೆ ಲ್ಯಾಟಿನ್ನಿನಲ್ಲಿ ಪತ್ರ ಬರೆಯುವ, ಸಭೆಗಳಲ್ಲಿ ಭಾಷಣ ಮಾಡುವ ಪದವಿಯದು. 1624ರಲ್ಲಿ ಪಾರ್ಲಿಮೆಂಟಿನ ಸದಸ್ಯನಾಗಿದ್ದನು. ರಾಜಾಸ್ಥಾನದ ಬಾಗಿಲು ದೂರವಿರಲಿಲ್ಲ. ಆದರೆ 1625ರಲ್ಲಿ ಜೇಮ್ಸ್ ದೊರೆ ತೀರಿಕೊಂಡನು. ಅದೇ ಸುಮಾರಿಗೆ ಆಶ್ರಯದಾತರಾದ ಶ್ರೀಮಂತರೂ ಕಣ್ಮರೆಯಾದರು. ಐಹಿಕ ಪದವಿಯ ಆಸೆಗೂ ದೇವಸೇವೆಯ ಕರೆಗೂ ನಡುವೆ ವರ್ಷಗಟ್ಟಲೆ ತುಯ್ದಾಡಿದ ಅವನ ಮನಸ್ಸು ಕೊನೆಗೆ ಒಂದು ಕಡೆಗೆ ನಿಂತಿತು. 1630ರಲ್ಲಿ ಅವನು ಸಾಲ್ಸ್‌ಬರಿಯ ಬಳಿಯ ಬೆಮರ್ಟನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಬಂದನು. ಇಷ್ಟು ವಿದ್ವತ್ತು ಹಳ್ಳಿಯ ಪಾಲಾಗಿ ವ್ಯರ್ಥವಾಗಲಿಲ್ಲವೇ ಎಂಬ ಸಂಶಯ ಯಾರಿಗಾದರೂ ಬರಬಹುದು.

ಅದಕ್ಕೆ ಉತ್ತರವು ಅವನು ತನ್ನ ಗುರಿಯನ್ನು ತಾನೇ ಕಂಡುಕೊಳ್ಳುವುದಕ್ಕಾಗಿ ಬರೆದ, 1652ರಲ್ಲಿ ಅಚ್ಚಾದ ಗದ್ಯಗ್ರಂಥದಲ್ಲಿದೆ. ಪಾದ್ರಿಯು ಕ್ರಿಸ್ತನ ಪ್ರತಿನಿಧಿ, ಮನುಷ್ಯರನ್ನು ದೇವರ ಕಡೆಗೆ ಮರಳಿಸುವವನು ಎಂಬುದು ಅದರ ತತ್ತ್ವ. ಈ ತತ್ತ್ವವನ್ನು ಅವನು ಪೀಠದಿಂದ ಕೆಳಗಿಳಿಸಿ ಬೀದಿಗೆ ತಂದನು. ಭಾನುವಾರ ಜನ ಒಳ್ಳೆಯ ಉಡುಪಿನೊಡನೆ ಒಳ್ಳೆಯ ಮನಸ್ಸನ್ನೂ ತೊಟ್ಟುಬರುತ್ತಾರೆ. ಅವರ ನಿಜಸ್ವರೂಪ ಕಾಣುವುದು ವಾರದ ನಡುವೆ, ಕೆಲಸದ ಗದ್ದಲದಲ್ಲಿ. ಆದಕಾರಣ ಪಾದ್ರಿಯು ಮಧ್ಯಾಹ್ನಗಳಲ್ಲಿ ಮನೆಮನೆಗೆ ಹೋಗಬೇಕು. ಬಗ್ಗಿ ನುಸುಳಬೇಕಾದ, ದುರ್ವಾಸನೆಯ ಗುಡಿಸಲನ್ನೂ ತೊರೆಯಬಾರದು. ಉಳುಮೆಯನ್ನು ಬಲ್ಲವನಾಗಿ, ರೈತನಿಗೆ ಗೊತ್ತಿರುವುದರಿಂದಲೇ ಗೊತ್ತಿಲ್ಲದುದನ್ನು ತಿಳಿಸಬೇಕು. ಅಂಗಡಿಯ ಔಷಧಿಗಿಂತ ಹಿತ್ತಿಲ ಮೂಲಿಕೆಯನ್ನು ನೆಚ್ಚಿ, ರೋಗಿಗಳನ್ನು ಉಪಚರಿಸಬೇಕು.

ಹರ್ಬರ್ಟನ ಜೀವನಚರಿತ್ರೆ ಬರೆದ ಐಸಾಕ್ ವಾಲ್ಟನ್ ಒಂದು ಪ್ರಸಂಗವನ್ನು ಹೇಳುತ್ತಾನೆ. ಸಂಗೀತಪ್ರಿಯನಾದ ಹರ್ಬರ್ಟನು ಸಾಲ್ಸ್‌ಬರಿಯ ಸಂಗೀತಗೋಷ್ಠಿಗೆ ಹೊರಟಿದ್ದಾಗ, ದಾರಿಯಲ್ಲಿ ಬಡವನೊಬ್ಬನ ಕುದುರೆ ಹೊರೆಯಡಿ ಕುಸಿದು ಬಿದ್ದಿತ್ತು. ಹರ್ಬರ್ಟನು ಮೇಲಂಗಿಯನ್ನು ತೆಗೆದಿಟ್ಟು, ಹೊರೆ ಇಳಿಸಿ, ಕುದುರೆಯನ್ನು ಎಬ್ಬಿಸಿ, ಮತ್ತೆ ಹೇರಲು ಕೈಕೊಟ್ಟನು. ಬಡವನಿಗೆ ಹಣವನ್ನೂ ಕೊಟ್ಟನು. ಕೆಸರಾಗಿ ಬಂದವನನ್ನು ಕಂಡು ಗೆಳೆಯರು ಬೆರಗಾದರು. ಇಂಥ ಕೆಲಸಕ್ಕೆ ಇಳಿದುದು ತಕ್ಕುದಲ್ಲವೆಂದು ಒಬ್ಬನು ಆಕ್ಷೇಪಿಸಿದನು. ಈ ಕಾರ್ಯದ ನೆನಪು ನಡುರಾತ್ರಿಯಲ್ಲಿ ತನಗೆ ಸಂಗೀತವಾಗುವುದೆಂದು ಹರ್ಬರ್ಟನು ಉತ್ತರಿಸಿದನು.

ಬೆಮರ್ಟನ್ನಿನಲ್ಲಿ ಅವನಿಗೆ ದೊರೆತದ್ದು ಮೂರು ವರ್ಷಕ್ಕೂ ಕಡಮೆ ಕಾಲ. 1633ರ ಮಾರ್ಚ್ 1ರಂದು, 40 ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡನು. ಅವನ ಕವಿತೆಗಳು ಅದೇ ವರ್ಷ ಅಚ್ಚಾಗಿ ಲೋಕಕ್ಕೆ ತಿಳಿದವು. ಅವನ ವಿದ್ವತ್ತು ವ್ಯರ್ಥವಾಗಲಿಲ್ಲ; ಅದು ಗುಡಿಸಲಿನೊಳಕ್ಕೆ ಬಗ್ಗಿ ಹೋಗುವುದನ್ನು ಕಲಿತಿತ್ತು.