ಕಾಣದ ಚಂದ್ರನ ಲೆಕ್ಕ

ಕ್ಯಾಸಿನಿ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಶನಿಗ್ರಹಕ್ಕೆ ಹೋದ ನೌಕೆ. 1997ರಲ್ಲಿ ಹೊರಟು, 2017ರಲ್ಲಿ ಶನಿಯ ವಾತಾವರಣದಲ್ಲೇ ಉರಿದುಹೋದ ಆ ನೌಕೆಯಲ್ಲಿ ದೂಳಿನ ಕಣಗಳನ್ನು ಅಳೆಯಲೆಂದೇ ಒಂದು ಉಪಕರಣವಿತ್ತು. ಬಿಇ ಓದುತ್ತಿರುವ ನನಗೆ ಕುತೂಹಲ ಹುಟ್ಟಿಸಿದ್ದು ಆ ಉಪಕರಣ. ಅದರ ಬಗ್ಗೆ ಓದುತ್ತಾ ಹೋದಂತೆ, ನೌಕೆಗೆ ಹೆಸರು ಕೊಟ್ಟ ಮನುಷ್ಯ ಅದಕ್ಕಿಂತ ಹೆಚ್ಚು ಇಷ್ಟವಾದ.

ಜೊವಾನಿ ಡೊಮೆನಿಕೊ ಕ್ಯಾಸಿನಿ ಹುಟ್ಟಿದ್ದು 1625ರಲ್ಲಿ, ಇಂದಿನ ಇಟಲಿಯ ಪೆರಿನಾಲ್ಡೊ ಎಂಬ ಊರಿನಲ್ಲಿ. ಮೊದಲು ಸೆಳೆದದ್ದು ಜ್ಯೋತಿಷ. ಆಮೇಲೆ ಅದನ್ನು ಬಿಟ್ಟು ಖಗೋಳವಿಜ್ಞಾನ ಹಿಡಿದ. 25ರ ಹರೆಯದಲ್ಲೇ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. 1669ರಲ್ಲಿ ಫ್ರಾನ್ಸ್‌ನ ದೊರೆ 14ನೇ ಲೂಯಿಯ ಕರೆಗೆ ಓಗೊಟ್ಟು ಪ್ಯಾರಿಸ್‌ಗೆ ಹೋದವನು ಅಲ್ಲಿಯೇ ನೆಲೆಸಿದ.

1671ರಲ್ಲಿ ಶನಿಯ ಪಶ್ಚಿಮಕ್ಕೆ ಹೊಸದೊಂದು ಚಂದ್ರನನ್ನು ಕಂಡ. ಇಂದು ಅದರ ಹೆಸರು ಇಯಾಪಿಟಸ್. ಆದರೆ ಸುತ್ತುತ್ತಾ ಪೂರ್ವಕ್ಕೆ ಬರಬೇಕಾದ ಹೊತ್ತಿಗೆ ಅದು ಮಾಯ! ಮತ್ತೆ ಪಶ್ಚಿಮಕ್ಕೆ ಬಂದಾಗ ಪ್ರತ್ಯಕ್ಷ. ಕಾಣದಿದ್ದುದನ್ನು ಕ್ಯಾಸಿನಿ ಲೆಕ್ಕದಿಂದ ಬಿಡಲಿಲ್ಲ. ಆ ಚಂದ್ರನ ಒಂದು ಮೈ ಬೆಳ್ಳಗೆ, ಇನ್ನೊಂದು ಕಪ್ಪಗೆ ಇರಬೇಕು, ಅದು ಸದಾ ಒಂದೇ ಮುಖವನ್ನು ಶನಿಗೆ ತೋರುತ್ತಿರಬೇಕು ಎಂದು ತರ್ಕಿಸಿದ. ಪೂರ್ವದಲ್ಲಿ ಅದನ್ನು ಮಸುಕಾಗಿಯಾದರೂ ನೋಡಲು ಸಾಧ್ಯವಾದದ್ದು 1705ರಲ್ಲಿ, ಉತ್ತಮ ದೂರದರ್ಶಕ ಸಿಕ್ಕ ಮೇಲೆ. ಅಂದರೆ 34 ವರ್ಷಗಳ ನಂತರ.

ಈ ನಡುವೆ 1675ರಲ್ಲಿ ಶನಿಯ ಬಳೆಗಳ ನಡುವಿನ ಅಂತರವನ್ನು ಗುರುತಿಸಿದ. 1683ರಲ್ಲಿ, ಸೂರ್ಯ ಮುಳುಗಿದ ಮೇಲೆ ಬಾನಂಚಿನಲ್ಲಿ ಕಾಣುವ ಮಂದ ಬೆಳಕನ್ನು ಅಭ್ಯಸಿಸಿ, ಸೂರ್ಯನ ಸುತ್ತ ಹರಡಿದ ಸೂಕ್ಷ್ಮ ಕಣಗಳೇ ಅದಕ್ಕೆ ಕಾರಣ ಎಂದ. ಹಾಗೆಂದು ಆತನ ಎಲ್ಲ ನಿಲುವುಗಳೂ ಸರಿಯಿರಲಿಲ್ಲ. ಬೆಳಕಿನ ವೇಗಕ್ಕೆ ಮಿತಿಯಿದೆ ಎಂಬ ರೋಮರ್‌ನ ವಾದವನ್ನು ಆತ ಒಪ್ಪಲಿಲ್ಲ.

ಕೊನೆಗಾಲದಲ್ಲಿ ಕಣ್ಣು ಹೋಯಿತು. 1712ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡ.

ಇಯಾಪಿಟಸ್ ಕಪ್ಪಾದದ್ದೇಕೆ ಎಂಬ ಪ್ರಶ್ನೆ ಮಾತ್ರ ಉಳಿಯಿತು. 2009ರಲ್ಲಿ ಸ್ಪಿಟ್ಜರ್ ದೂರದರ್ಶಕ ಶನಿಯ ಸುತ್ತ ಬಲು ದೂರದಲ್ಲಿ ದೂಳಿನ ಬೃಹತ್ ಬಳೆಯೊಂದನ್ನು ಪತ್ತೆಹಚ್ಚಿತು. ಫೀಬಿ ಎಂಬ ಚಂದ್ರನಿಂದ ಎದ್ದ ಆ ದೂಳು ನಿಧಾನವಾಗಿ ಒಳಮುಖವಾಗಿ ಸರಿದು, ಇಯಾಪಿಟಸ್‌ನ ಮುಂಬದಿಗೆ ಬಡಿಯುತ್ತದೆ. ಕಪ್ಪಿನ ಮೂಲ ಅದೇ ಎಂಬುದು ಇಂದಿನ ವಿವರಣೆ.

ಲ್ಯಾಬ್‌ನಲ್ಲಿ ಸೆನ್ಸರ್ ಏನನ್ನೂ ತೋರಿಸದಿದ್ದಾಗ ಈಗ ನನಗೆ ಕ್ಯಾಸಿನಿ ನೆನಪಾಗುತ್ತಾನೆ. ಆ ಖಾಲಿ ಜಾಗವೂ ಒಂದು ರೀಡಿಂಗ್. ಸಮಯ ಹಾಕಿ ಬರೆದಿಡುತ್ತೇನೆ.