ಜಾರ್ಜ್ ಜಾನ್‌ಸ್ಟೋನ್ ಸ್ಟೋನಿ: ಗಾಳಿಯ ಸೋರಿಕೆಯನ್ನು ಲೆಕ್ಕ ಹಾಕಿದವರು

ಎಲೆಕ್ಟ್ರಾನ್ ಎಂಬ ಹೆಸರನ್ನು 1891ರಲ್ಲಿ ಟಂಕಿಸಿದವರೆಂದೇ ಸ್ಟೋನಿಯವರನ್ನು ಪಠ್ಯಪುಸ್ತಕಗಳು ನೆನೆಯುತ್ತವೆ. ನನ್ನನ್ನು ಹೆಚ್ಚು ಸೆಳೆದದ್ದು ಅವರ ಇನ್ನೊಂದು ಪ್ರಶ್ನೆ: ಭೂಮಿಯ ಗಾಳಿ ಆಕಾಶಕ್ಕೆ ಸೋರಿಹೋಗುತ್ತಿದೆಯೇ?

ಐರ್ಲೆಂಡಿನ ಬರ್ ಪಟ್ಟಣದ ಸಮೀಪ 1826ರಲ್ಲಿ ಜನಿಸಿದ ಅವರು, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಿ, 1848ರಲ್ಲಿ ಬರ್ ಕೋಟೆಯ ಲಾರ್ಡ್ ರಾಸ್ ಅವರಿಗೆ ಖಗೋಳ ವೀಕ್ಷಣೆಯಲ್ಲಿ ಸಹಾಯಕರಾದರು. ಆರು ಅಡಿ ಕನ್ನಡಿಯ ಅಲ್ಲಿನ ದೂರದರ್ಶಕ ಅಂದು ಜಗತ್ತಿನಲ್ಲೇ ದೊಡ್ಡದು. ಗಾಲ್ವೇಯಲ್ಲಿ ಐದು ವರ್ಷ ಪ್ರಾಧ್ಯಾಪಕರಾಗಿದ್ದು, 1857ರಲ್ಲಿ ಡಬ್ಲಿನ್ನಿಗೆ ಮರಳಿ ಕ್ವೀನ್ಸ್ ವಿಶ್ವವಿದ್ಯಾಲಯದ ಕಾರ್ಯದರ್ಶಿಯಾದರು. ಸಂಶೋಧನೆಗೆ ಉಳಿದದ್ದು ಕಡತಗಳ ನಡುವಿನ ಬಿಡುವು ಮಾತ್ರ.

ಅನಿಲದ ಕಣಗಳಲ್ಲಿ ಹಗುರವಾದವು ಹೆಚ್ಚು ಚುರುಕು. ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗವನ್ನು ಮೀರಿದ ಕಣವನ್ನು ಭೂಮಿ ಹಿಡಿದಿಡಲಾರದು. ಚಂದ್ರನಿಗೆ ವಾಯುಮಂಡಲವಿಲ್ಲದಿರುವುದನ್ನು ಸ್ಟೋನಿ ಈ ತರ್ಕದಿಂದಲೇ ವಿವರಿಸಿದರು. ಜಲಜನಕದಂತೆ ಹೀಲಿಯಂ ಕೂಡ ಭೂಮಿಯಿಂದ ಪಾರಾಗುತ್ತಿದೆ ಎಂದು 1898ರ ಪ್ರಬಂಧದಲ್ಲಿ ವಾದಿಸಿದರು. ಬೇರೆಯವರ ಲೆಕ್ಕದಲ್ಲಿ ಹೀಲಿಯಂಗೆ ಅಷ್ಟು ವೇಗ ದಕ್ಕಲಿಲ್ಲ. ಸ್ಟೋನಿ ಪಟ್ಟು ಬಿಡಲಿಲ್ಲ. ರೋಗವನ್ನು ಸರಿಯಾಗಿ ಗುರುತಿಸಿ, ಅದರ ಕಾರಣದಲ್ಲಿ ಎಡವುವುದು ನನ್ನ ವೈದ್ಯವೃತ್ತಿಯಲ್ಲಿ ಅಪರೂಪವಲ್ಲ. ಇಲ್ಲಿ ಆದದ್ದೂ ಅದೇ.

ಶಿಲೆಗಳೊಳಗಿನ ಯುರೇನಿಯಂ, ಥೋರಿಯಂಗಳಿಂದ ಹೀಲಿಯಂ ಸದಾ ಹುಟ್ಟುತ್ತಿದ್ದರೂ ಗಾಳಿಯಲ್ಲಿ ಅದು ಶೇಖರವಾಗಿಲ್ಲ. ಬರಿಯ ಶಾಖದ ಬಲದಿಂದ ಅಷ್ಟು ಹೊರಹೋಗದು. ಮತ್ತೊಂದು ದಾರಿ ವಿದ್ಯುತ್ತಿನದು. ಸೂರ್ಯಕಿರಣಗಳು ಮೇಲುಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸಿ ಅಯಾನುಗಳನ್ನು ಉಳಿಸುತ್ತವೆ. ಹಗುರ ಎಲೆಕ್ಟ್ರಾನುಗಳು ಮೇಲೇರತೊಡಗಿದಾಗ ಉಂಟಾಗುವ ವಿದ್ಯುತ್ ಕ್ಷೇತ್ರ ಅಯಾನುಗಳನ್ನೂ ಮೇಲಕ್ಕೆಳೆಯುತ್ತದೆ. ಧ್ರುವಗಳ ಮೇಲಿನ ತೆರೆದ ಕಾಂತರೇಖೆಗಳ ಗುಂಟ ಸಾಗಿದ ಅವು, ಸೂರ್ಯನಿಗೆ ವಿಮುಖವಾಗಿ ಚಾಚಿರುವ ಭೂಕಾಂತಗೋಳದ ಬಾಲವನ್ನು ಸೇರುತ್ತವೆ. ಧ್ರುವಮಾರುತವೆನ್ನುವ ಈ ಹರಿವನ್ನು 1968ರ ಹೊತ್ತಿಗೆ ಗಣಿತಮಾದರಿಗಳು ರೂಪಿಸಿದ್ದವು. 2000ದಲ್ಲಿ ಹಾರಿದ ಕ್ಲಸ್ಟರ್ ನೌಕೆಗಳು ಬಾಲದಲ್ಲಿ ತಣ್ಣನೆಯ ಅಯಾನುಗಳನ್ನು ಗುರುತಿಸಿದವು. 2022ರಲ್ಲಿ ಸ್ವಾಲ್ಬಾರ್ಡ್‌ನಿಂದ ಹಾರಿದ ರಾಕೆಟ್ ಆ ವಿದ್ಯುತ್ ಕ್ಷೇತ್ರದ ವಿಭವವನ್ನು ಅಳೆಯಿತು: ಕೇವಲ 0.55 ವೋಲ್ಟ್. ತಾವು ಹೆಸರಿಟ್ಟ ಕಣವೇ ತಮ್ಮ ಹೀಲಿಯಂಗೂ ದಾರಿ ತೋರಬಲ್ಲದೆಂದು ತಿಳಿಯುವ ಅವಕಾಶ ಸ್ಟೋನಿಯವರಿಗಿರಲಿಲ್ಲ.

ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಪರವಾಗಿ ದುಡಿದ ಅವರು 1893ರಲ್ಲಿ ಲಂಡನ್ನಿಗೆ ತೆರಳಿದರು. ಮಗಳು ಫ್ಲಾರೆನ್ಸ್ ಬ್ರಿಟನ್ನಿನ ಮೊದಲ ಮಹಿಳಾ ವಿಕಿರಣತಜ್ಞೆ. ಭೌತವಿಜ್ಞಾನಿಯಾದ ಎಡಿತ್ ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳಿಗಾಗಿ ಎಕ್ಸ್-ರೇ ಯಂತ್ರಗಳನ್ನು ನಡೆಸಿದರು. ತಂದೆ 1911ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಡಬ್ಲಿನ್ನಿನ ಡಂಡ್ರಮ್‌ನಲ್ಲಿ ಮಣ್ಣು ಮಾಡಲಾಗಿದೆ.